ಏರಿನಲ್ಲಿ ಕೈಕೊಡೋ ಮೋಟ್ರು ಸೈಕಲ್‌ಗೆ ಬ್ಯಾಟರಿ ಬದಲಿಸೋ ಮುಂಚೆ ಎರಡು ಕಡೆ ಅಳೆಯಿರಿ

ಹಳೇ ಸೈಕಲ್ಲಿಗೆ ಮೋಟ್ರು ಕೂರಿಸಿಕೊಂಡವರು ನಮ್ಮ ಮದ್ದೂರು, ಮಳವಳ್ಳಿ ಕಡೆ ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗ್ತಾರೆ. ಅವರಿಗಾಗಿ ಈ ಬರಹ.

ನಮ್ಮ ಮನೆಯಲ್ಲೂ ಒಂದಿದೆ. ಹಿಂದಿನ ಚಕ್ರದೊಳಗೆ 250 ವ್ಯಾಟ್ ಮೋಟ್ರು, 36 ವೋಲ್ಟಿನ ಲಿಥಿಯಂ ಬ್ಯಾಟರಿ. ಓಡಿಸೋದು ಅಪ್ಪ. ಮಂಡಿ ನೋವು, ಪೆಡಲ್ ತುಳಿಯೋಕಾಗಲ್ಲ, ಬೈಕ್ ಕಲಿತಿಲ್ಲ. ಬೆಳಿಗ್ಗೆ ಡೈರಿಗೆ ಹಾಲು, ಸಂಜೆ ಗದ್ದೆಯಿಂದ ಒಂದು ಹೊರೆ ಹುಲ್ಲು, ಎರಡೂ ಅದರ ಮೇಲೇ.

ಕಳೆದ ತಿಂಗಳಿಂದ ಇದು ನಾಲೆ ಏರಿ ಹತ್ತುವಾಗ ನಿಲ್ಲೋಕೆ ಶುರುವಾಯ್ತು. ಸಮ ರಸ್ತೆಯಲ್ಲಿ ಚೆನ್ನಾಗೇ ಓಡುತ್ತೆ. ಏರಿನಲ್ಲಿ ಭಾರ ಇದ್ದರೆ ಅರ್ಧಕ್ಕೇ ಕರೆಂಟ್ ಹೋಗುತ್ತೆ, ಒಂದು ನಿಮಿಷ ನಿಂತರೆ ಮತ್ತೆ ಬರುತ್ತೆ. ಎರಡು ದಿನ ಡೈರಿ ಬಾಗಿಲು ಹಾಕಿದ ಮೇಲೆ ಹೋಗಿ ಹಾಲು ವಾಪಸ್ ಬಂತು. ಅಂಗಡಿಯವರು ಮೀಟರ್ ಮುಟ್ಟದೆಯೇ "ಬ್ಯಾಟರಿ ಮುಗಿದಿದೆ, ಹೊಸದಕ್ಕೆ 14 ಸಾವಿರ" ಅಂದ್ರು. ಅಪ್ಪ ಅಂದಿದ್ದೇ ಬೇರೆ: "ಅದಕ್ಯಾಕ್ಲಾ ದುಡ್ಡು ಸುರೀತೀಯ? ಮಾರಾಕ್ಬುಡು. ನಾನು ಇನ್ ಮನೇಲೇ ಇರ್ತೀನಿ." 14 ಸಾವಿರಕ್ಕಿಂತ ಆ ಮಾತು ನನಗೆ ಭಾರ ಆಯ್ತು.

ವಿಸಿ ನಾಲೆಯ ಕೊನೆಭಾಗದಲ್ಲಿರೋ ನಮಗೆ ಈ ಲೆಕ್ಕ ಹೊಸದಲ್ಲ. ಕೆಆರ್‌ಎಸ್ ತುಂಬಿದ್ದರೂ ನಮ್ಮ ತೂಬಿಗೆ ನೀರು ಬರಲಿಲ್ಲ ಅಂದ್ರೆ ಕಟ್ಟೆ ಖಾಲಿ ಅಂತಲ್ಲ. ನಡುವೆ ಎಲ್ಲೋ ಸೋರ್ತಿದೆ, ಇಲ್ಲಾ ಹೂಳು ತುಂಬಿದೆ. ಸೈಕಲ್ಲಿನಲ್ಲಿ ಬ್ಯಾಟರಿ ಕಟ್ಟೆ, ಕಂಟ್ರೋಲರ್ ಕೊನೆಭಾಗ. ಎರಡೂ ಕಡೆ ಅಳೆಯದೆ ಕಟ್ಟೆ ಮೇಲೆ ತಪ್ಪು ಹೊರಿಸಬಾರದು.

ಮೊದಲು ಬ್ರೇಕ್ ನೋಡಿದೆ. ಬ್ರೇಕ್ ಲಿವರಿನಲ್ಲಿ ಮೋಟ್ರು ನಿಲ್ಲಿಸೋ ಸ್ವಿಚ್ ಇರುತ್ತೆ, ಕೆಸರು ಸೇರಿ ಸಿಕ್ಕಿಕೊಂಡರೂ ಕರೆಂಟ್ ಹೋಗುತ್ತೆ. ಅದರ ಪ್ಲಗ್ ಬಿಚ್ಚಿ ಓಡಿಸಿದರೂ ಅದೇ ಜಾಗದಲ್ಲಿ ನಿಂತಿತು. ಅಂದ್ರೆ ಬ್ರೇಕ್ ಕಾರಣ ಅಲ್ಲ. ಪ್ಲಗ್ ವಾಪಸ್ ಹಾಕಿದೆ.

ಆಮೇಲೆ ಮೀಟರ್. 36 ವೋಲ್ಟ್ ಬ್ಯಾಟರಿಯಲ್ಲಿ ಹತ್ತು ಸೆಲ್ ಸಾಲಾಗಿರ್ತವೆ, ಪೂರ್ತಿ ಚಾರ್ಜಿಗೆ 42 ವೋಲ್ಟ್. ನಮ್ಮ ಕಂಟ್ರೋಲರ್ 31ಕ್ಕೆ ಇಳಿದರೆ ಬ್ಯಾಟರಿ ಕಾಪಾಡೋಕೆ ಮೋಟ್ರು ನಿಲ್ಲಿಸುತ್ತೆ. ನಿಂತಾಗ ಅಳೆದರೆ ಎರಡೂ ಕಡೆ 38.6. ಇದನ್ನು ನೋಡಿ ಏನೂ ಹೇಳೋಕಾಗಲ್ಲ, ಹರಿಯದ ನೀರಿಗೆ ಸೋರಿಕೆ ಗೊತ್ತಾಗಲ್ಲ. ಮಗನನ್ನು ಕ್ಯಾರಿಯರ್ ಮೇಲೆ ಕೂರಿಸಿ, ಕೈಗೆ ಮೀಟರ್ ಕೊಟ್ಟು ಏರಿ ಹತ್ತಿಸಿದೆ. ಮೊದಲ ಸಾರಿ ಬ್ಯಾಟರಿ ಬಾಯಲ್ಲಿ: 36.5. ಎರಡನೇ ಸಾರಿ ಕಂಟ್ರೋಲರ್ ಬಾಯಲ್ಲಿ: 31.4, ಮರುಕ್ಷಣ ಕಟ್. ಐದು ವೋಲ್ಟ್ ದಾರಿಯಲ್ಲೇ ಮಾಯ.

ಏರಿನಲ್ಲಿ ಮೋಟ್ರು ಸುಮಾರು 15 ಆಂಪ್ ಎಳೆಯುತ್ತೆ. ಐದು ಇಂಟು ಹದಿನೈದು, 75 ವ್ಯಾಟ್. ಹಳೇ ಕಾಲದ 60 ವ್ಯಾಟ್ ಬಲ್ಬಿಗಿಂತ ಹೆಚ್ಚು ಕಾವು ಒಂದು ಜಾಯಿಂಟಿನಲ್ಲಿ! ಸೈಕಲ್ ನಿಲ್ಲಿಸಿ ವೈರ್ ಮೇಲೆ ಕೈ ಆಡಿಸಿದೆ. ಸೀಟಿನ ಕೆಳಗಿನ ಕನೆಕ್ಟರ್ ಸುಡ್ತಿತ್ತು. ಒಳಗೆ ಪಿನ್ ಕಪ್ಪಗಾಗಿ ಪ್ಲಾಸ್ಟಿಕ್ ಕರಗಿತ್ತು. ಪಂಪ್‌ಸೆಟ್ ಸ್ಟಾರ್ಟರಿನ ಪಾಯಿಂಟ್ ಸುಟ್ಟಿದ್ದು ನೋಡಿದವರಿಗೆ ಇದು ಗೊತ್ತು. ಧೂಳು, ತೇವ, ಕುಲುಕಾಟಕ್ಕೆ ಪಿನ್ ಸಡಿಲ ಆಗುತ್ತೆ, ಸಡಿಲ ಆದರೆ ಕಾಯುತ್ತೆ, ಕಾದರೆ ಇನ್ನೂ ಕೆಡುತ್ತೆ.

ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ, ಹತ್ತಿರ ಹತ್ತಿರ 150 ಕಿ.ಮೀ. ದೂರ, ಕರೆಂಟ್ ಕಳಿಸಿದರು. ಸಾವಿರಾರು ವೋಲ್ಟಿಗೆ ಏರಿಸಿ ಕಳಿಸಿದ್ದರಿಂದಲೇ ಅದು ತಲುಪಿದ್ದು. ವೋಲ್ಟ್ ಜಾಸ್ತಿ ಇದ್ದರೆ ಆಂಪ್ ಕಮ್ಮಿ ಸಾಕು, ದಾರಿಯಲ್ಲಿ ನಷ್ಟವೂ ಕಮ್ಮಿ. ನಮ್ಮ ಸೈಕಲ್ಲಿನದು ಬರೀ 36 ವೋಲ್ಟ್, ಆಂಪ್ ಜಾಸ್ತಿ. ಅದಕ್ಕೇ ಒಂದಡಿ ವೈರಿನಲ್ಲಿ ಒಂದು ಕೆಟ್ಟ ಜಾಯಿಂಟ್ ಇದ್ದರೂ ಇಡೀ ಗಾಡಿ ನಿಲ್ಲುತ್ತೆ.

ಟಿವಿ ರಿಪೇರಿಯವರ ಹತ್ತಿರ ದಪ್ಪ ಪಿನ್ನಿನ ಎಕ್ಸ್‌ಟಿ-60 ಕನೆಕ್ಟರ್ ಬೆಸುಗೆ ಹಾಕಿಸಿದೆ. ಕೂಲಿ ಸೇರಿ 150 ರೂಪಾಯಿ. ಈಗ ಅದೇ ಏರಿನಲ್ಲಿ ಬ್ಯಾಟರಿ ಬಾಯಲ್ಲಿ 36.5 ಇದ್ದಾಗ ಕಂಟ್ರೋಲರಿನಲ್ಲಿ 36.2. ಅಪ್ಪ ಮಾರೋ ಮಾತು ಎತ್ತಿಲ್ಲ.

ನೀವು ಮಾಡುವಾಗ ಹುಷಾರು. ಮೀಟರಿನ ಎರಡು ಮೊನೆ ಒಂದಕ್ಕೊಂದು ತಾಗಬಾರದು. ಬ್ಯಾಟರಿ ಕಡೆಯ ವೈರ್ ಎರಡನ್ನೂ ಒಟ್ಟಿಗೆ ಕತ್ತರಿಸಬೇಡಿ; ಒಂದನ್ನು ಕತ್ತರಿಸಿ ಟೇಪ್ ಸುತ್ತಿ, ಆಮೇಲೆ ಇನ್ನೊಂದು. ಲಿಥಿಯಂ ಬ್ಯಾಟರಿಯ ಪೆಟ್ಟಿಗೆ ಬಿಚ್ಚಲೇಬೇಡಿ, ಹುಲ್ಲಿನ ಮೆದೆ ಹತ್ತಿರ ಚಾರ್ಜಿಗೂ ಹಾಕಬೇಡಿ.

ಪೂರ್ತಿ ಚಾರ್ಜ್ ಮಾಡಿಯೂ ಏರಿನಲ್ಲಿ ಬ್ಯಾಟರಿ ಬಾಯಲ್ಲೇ ವೋಲ್ಟ್ 31ರ ಹತ್ತಿರಕ್ಕೆ ಕುಸಿದರೆ ಆಗ ಬ್ಯಾಟರಿಯದೇ ದೋಷ, ದುಡ್ಡು ಖರ್ಚು ಮಾಡಿ. ಅಲ್ಲಿ ಗಟ್ಟಿಯಾಗಿದ್ದು ಕಂಟ್ರೋಲರಿನಲ್ಲಿ ಮಾತ್ರ ಕುಸಿದರೆ ಜಾಯಿಂಟ್ ಹುಡುಕಿ. ಮೀಟರಿಗೆ ಮುನ್ನೂರು-ನಾನೂರು ರೂಪಾಯಿ. ಪಂಪ್‌ಸೆಟ್ಟಿಗೂ ಟ್ರ್ಯಾಕ್ಟರ್ ಬ್ಯಾಟರಿಗೂ ಅದೇ ಆಗುತ್ತೆ, ಮನೆಗೊಂದು ಇರಲಿ.