ಮಹದಾಯಿಯ ಹೆಸರು ಹೊತ್ತ ಹಾಯಿದೋಣಿ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ದೇಗಾಂವದ ಬಳಿ ಹುಟ್ಟುವ ಮಹದಾಯಿಯು ಗೋವೆಯನ್ನು ಹೊಕ್ಕು, ಮಾಂಡವಿಯೆನಿಸಿ, ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನೀರಿನ ಹಂಚಿಕೆಯ ವ್ಯಾಜ್ಯದಿಂದಾಗಿ ಈ ನದಿಯ ಹೆಸರು ನಮ್ಮ ಉತ್ತರ ಕರ್ನಾಟಕದ ಮನೆಮನೆಗೂ ಪರಿಚಿತ. ಅದೇ ಹೆಸರಿನ ಹಾಯಿದೋಣಿಯೊಂದು ಭೂಮಂಡಲವನ್ನೇ ಸುತ್ತಿ ಬಂದಿದೆಯೆಂಬುದನ್ನು ಬಲ್ಲವರು ವಿರಳ.

ಹಳೆಯ ಗೋವೆಯ ಎದುರಿಗೆ ನದಿಯ ನಡುವೆ ದಿವಾಡಿ ದ್ವೀಪವಿದೆ. ಗೋವೆಯ ಕದಂಬರ ಆರಾಧ್ಯದೈವವಾದ ಸಪ್ತಕೋಟೀಶ್ವರನ ಮೂಲ ಸ್ಥಾನ ಇದೇ. ಪೋರ್ಚುಗೀಸರು ಆ ಗುಡಿಯನ್ನು ಕೆಡವಿದರು. ಈ ದ್ವೀಪದ ದೋಣಿಕಟ್ಟೆಯಲ್ಲಿಯೇ ನೌಕಾಪಡೆಗಾಗಿ ‘ಮ್ಹಾದೇಯಿ’ ನಿರ್ಮಾಣಗೊಂಡು 2009ರಲ್ಲಿ ಸೇವೆಗೆ ಸೇರಿತು. ಉದ್ದ ಕೇವಲ 56 ಅಡಿ. ದಿಲೀಪ್ ದೋಂಡೆಯವರು 2009-10ರಲ್ಲಿ ಇದರಲ್ಲಿ ಒಬ್ಬಂಟಿಯಾಗಿ ಲೋಕ ಸುತ್ತಿದರು. ಅಭಿಲಾಷ್ ಟೋಮಿಯವರು 2013ರಲ್ಲಿ ಎಲ್ಲಿಯೂ ತಂಗದೆ ಆ ಯಾತ್ರೆಯನ್ನು ಪೂರೈಸಿದರು.

ಇಷ್ಟು ಚಿಕ್ಕ ದೋಣಿ ಬೆಟ್ಟದಂತಹ ಅಲೆಗಳನ್ನು ಹೇಗೆ ತಾಳೀತು? ನಮ್ಮ ಪ್ರವಚನಗಳಲ್ಲಿ ಸಂಸಾರವನ್ನು ಸಾಗರಕ್ಕೆ ಹೋಲಿಸುವುದು ವಾಡಿಕೆ. ಹಾಗೆ ಹೋಲಿಸುವವರು ಬಹುಮಟ್ಟಿಗೆ ದಡದ ಮೇಲಿನವರೇ. ಸಾಗರದ ನಿಜರೂಪವನ್ನು ಕಾಣಬೇಕಾದರೆ ದಕ್ಷಿಣದ 40ನೆಯ ಅಕ್ಷಾಂಶವನ್ನು ದಾಟಬೇಕು. ಅಲ್ಲಿ ಪಡುವಣ ಗಾಳಿಯನ್ನು ತಡೆಯುವ ನೆಲವಿಲ್ಲದ್ದರಿಂದ ಅಲೆಗಳು ಸಾವಿರಾರು ಮೈಲಿ ಬೆಳೆಯುತ್ತಲೇ ಬರುತ್ತವೆ.

ಆದರೆ ಅಲೆ ಎತ್ತರವಾದ ಮಾತ್ರಕ್ಕೆ ಅಪಾಯವಿಲ್ಲ. ಅಲೆಯಲ್ಲಿ ಮುಂದೋಡುವುದು ಚಲನೆಯೇ ಹೊರತು ನೀರಲ್ಲ. ನೀರು ಹೆಚ್ಚುಕಡಿಮೆ ಇದ್ದೆಡೆಯಲ್ಲಿಯೇ ಸುತ್ತಿ ಏರಿಳಿಯುತ್ತದೆ. ಹಗುರವಾದ ದೋಣಿ ಅದರೊಡನೆ ತಾನೂ ಏರಿ ಇಳಿಯುತ್ತದೆ. ಅಲೆಯ ತಲೆ ಮುರಿದು ನೊರೆಯಾಗಿ ಕುಸಿದಾಗ ಮಾತ್ರ ಟನ್ನುಗಟ್ಟಲೆ ನೀರು ಮೇಲೆರಗುತ್ತದೆ. ಆಗ ದೋಣಿ ಅಡ್ಡಲಾಗಿ ನಿಂತಿದ್ದರೆ, ತನ್ನ ಉದ್ದದ 30 ಪ್ರತಿಶತದಷ್ಟು ಎತ್ತರದ ಅಲೆಯೇ ಅದನ್ನು ಮಗುಚಬಲ್ಲದು. ಆದ್ದರಿಂದ ನಾವಿಕರು ಹಾಯಿಯನ್ನು ಕುಗ್ಗಿಸಿ, ಬೆನ್ನನ್ನು ಅಲೆಗೊಡ್ಡಿ, ಹಿಂದೆ ಉದ್ದನೆಯ ಹಗ್ಗಗಳನ್ನು ಎಳೆಬಿಟ್ಟು ವೇಗವನ್ನು ತಗ್ಗಿಸುತ್ತಾರೆ. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ ‘ಸುಹೈಲಿ’ಯಲ್ಲಿ 1968-69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಹೀಗೆಯೇ ಮಾಡಿ ಬದುಕಿ ಬಂದರು. ಮಗುಚಿದರೂ ತಳದಲ್ಲಿ ಇಳಿಬಿದ್ದ ಸೀಸದ ಭಾರವು ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ನಮ್ಮ ಮಕ್ಕಳು ಆಡುವ, ಕೆಡವಿದರೂ ಏಳುವ ಬೊಂಬೆಯಂತೆ.

ಈ ಭಾರದ ಮೇಲಿನ ಭರವಸೆಯೇ ಪ್ರಾಣದ ಪ್ರಶ್ನೆಯಾದದ್ದುಂಟು. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಹೊರಟ ಫಾಸ್ಟ್‌ನೆಟ್ ಸ್ಪರ್ಧೆಯ 303 ದೋಣಿಗಳು ಬಿರುಗಾಳಿಗೆ ಸಿಲುಕಿ 15 ಸ್ಪರ್ಧಾಳುಗಳು ಮಡಿದರು. ನಾವಿಕರು ತೊರೆದುಹೋದ 24 ದೋಣಿಗಳಲ್ಲಿ 19 ಮುಳುಗಲೇ ಇಲ್ಲ. ಅವುಗಳನ್ನು ಬಿಟ್ಟು ರಬ್ಬರಿನ ತೆಪ್ಪಕ್ಕೆ ಇಳಿದವರಲ್ಲಿ ಕೆಲವರು ಉಳಿಯಲಿಲ್ಲ. ಕತ್ತಲಲ್ಲಿ, ಕೂವೆಮರ ಮುರಿದು, ಒಳಗೆ ನೀರು ತುಂಬಿರುವಾಗ ದೋಣಿಯಲ್ಲಿಯೇ ಇರುವುದು ಹೇಳಿದಷ್ಟು ಸುಲಭವಲ್ಲವೆಂಬುದನ್ನು ವಾಚಕರು ಮರೆಯಬಾರದು.

ಟೋಮಿಯವರಿಗೂ ಅಂತಹ ಗಳಿಗೆ ಬಂದಿತು. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಅವರ ‘ತುರೀಯ’ ಉರುಳಿ, ಕೂವೆಮರ ಮುರಿದು, ಅವರ ಬೆನ್ನೆಲುಬಿಗೆ ಭಾರಿ ಪೆಟ್ಟಾಯಿತು. ದೋಣಿ ಮುಳುಗಲಿಲ್ಲ. ಏಳಲಾರದೆ ಅದರೊಳಗೆ ಮಲಗಿದ್ದ ಅವರನ್ನು ಮೂರನೆಯ ದಿನ ಫ್ರೆಂಚ್ ಹಡಗೊಂದು ಎತ್ತಿಕೊಂಡಿತು. ಬೆನ್ನಿಗೆ ಟೈಟಾನಿಯಂ ಸರಳುಗಳನ್ನು ಹಾಕಿಸಿಕೊಂಡ ಅವರು 2022ರಲ್ಲಿ ಅದೇ ಸ್ಪರ್ಧೆಗೆ ಮರಳಿ, 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಮುಟ್ಟಿದರು.