ಚಕ್ರದೊಳಗಿನ ಅಮಾನತ್

ಬಣ್ಣ ಹೊಡೆಸಿ ತಂದ ಬೈಕಿನ ಚಕ್ರ ಹೊಸದರಂತೆ ಹೊಳೆಯುತ್ತದೆ. ಆದರೆ ಸವಾರನನ್ನು ಕಾಯುವುದು ಆ ಹೊಳಪಲ್ಲ. ಕೊಟ್ಟೂರಿನ ನಮ್ಮ ಮನೆಯಲ್ಲಿ ಹಳೆಯ ಯೆಜ್ದಿಯಿದೆ. 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸುತ್ತಿದ್ದ ಬೈಕ್. ಅದರ ಚಕ್ರ ಜೋಡಿಸುವಾಗ ಬೇರಿಂಗ್ ಕೂರುವ ಜಾಗದಲ್ಲೂ ಬ್ರೇಕ್ ಡ್ರಮ್ಮಿನ ಒಳಮೈಯಲ್ಲೂ ಅಂಟಿದ ಬಣ್ಣವನ್ನು ಮೊದಲು ತೆಗೆಯುತ್ತೇನೆ. ಒಂದು ಬೇರಿಂಗನ್ನು ಹೊರಬಳೆಯ ಮೇಲಷ್ಟೇ ತಟ್ಟಿ ಕೂರಿಸಿ, ನಡುವಿನ ಕೊಳವೆಯಿಟ್ಟು, ಬಳಿಕ ಇನ್ನೊಂದನ್ನು ಕೂರಿಸುತ್ತೇನೆ. ಆ ಕೊಳವೆ ಹೊರಗೆ ಯಾರಿಗೂ ಕಾಣದು. ಅದನ್ನು ಬಿಟ್ಟು ಆಕ್ಸೆಲ್ ನಟ್ಟು ಬಿಗಿದರೆ ಒತ್ತಡ ಬೇರಿಂಗಿನ ಮೇಲೆ ಬಿದ್ದು, ಚಕ್ರ ನಡುದಾರಿಯಲ್ಲೇ ಹಿಡಿದುಕೊಳ್ಳಬಹುದು.

ಕೂಡ್ಲಿಗಿಗೆ ಹೊರಟಾಗ ಹಿಂದೆ ಕೂರುವವಳು ಮಡದಿ. ಅವಳ ಜೀವ ನನ್ನ ಕೈಯಲ್ಲಿರುವ ಅಮಾನತ್. ಒಂಟೆಯನ್ನು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ) ಕಲಿಸಿದರು. ನೀವೂ ನಟ್ಟು ಬಿಗಿದ ಮೇಲೆ ಚಕ್ರ ಸಲೀಸಾಗಿ ತಿರುಗುವುದನ್ನು ನೋಡಿ, ಬಿಸ್ಮಿಲ್ಲಾ ಹೇಳಿ ಹೊರಡಿ.