ಗೋಡೆಯಿಲ್ಲದ ಸೆರೆಮನೆ

ಕಣ್ಣಿದ್ದವರು ಕನಕಗಿರಿ ನೋಡಬೇಕೆಂಬ ಮಾತಿಗೆ ಮನಸೋತು ಬರುವ ಯಾತ್ರಿಕರು ಕನಕಾಚಲಪತಿಯ ದರ್ಶನ ಮುಗಿಸಿ ಹಿಂದಿರುಗುವುದೇ ವಾಡಿಕೆ. ಮುಂದೆ ಹುಲಿಹೈದರದವರೆಗೆ ಬರುವವರು ವಿರಳ. ಜೋಳ ಸಜ್ಜೆಗಳ ಈ ಬಯಲುಸೀಮೆ ಹಿಂದೆ ನಾಯಕ ಪಾಳೆಯಗಾರರದು, ಅನಂತರ ನಿಜಾಮರದು. ಆದರೆ ನಿಜಾಮರ ರಾಜ್ಯದ ನೆಲವೆಲ್ಲ ನೇರವಾಗಿ ನಿಜಾಮರ ಕೈಯಲ್ಲಿರಲಿಲ್ಲ. ಈಗ ಹುಲಿಹೈದರಕ್ಕೆ ಜಿಲ್ಲಾ ಕೇಂದ್ರವಾಗಿರುವ ಕೊಪ್ಪಳ ಅಂದು ಸಾಲಾರ್ ಜಂಗ್ ಮನೆತನದ ಜಹಗೀರು. ಹೈದರಾಬಾದಿನ ವಸ್ತುಸಂಗ್ರಹಾಲಯದಲ್ಲಿ ಮುಸುಕಿನ ರೆಬೆಕಾಳ ಅಮೃತಶಿಲೆಯ ಚೆಲುವಿಗೆ ಬೆರಗಾಗುವವರಲ್ಲಿ ಕೊಪ್ಪಳದ ರೈತನ ಕಂದಾಯವನ್ನು ನೆನೆಯುವವರು ಎಷ್ಟು ಮಂದಿಯೋ!

ದೊಡ್ಡ ಜಹಗೀರುದಾರರಿಗೆ ತಮ್ಮದೇ ಪೊಲೀಸು, ತಮ್ಮದೇ ನ್ಯಾಯಾಲಯ, ತಮ್ಮದೇ ಸೆರೆಮನೆಗಳಿದ್ದವು. ಕಂದಾಯ ವಸೂಲು ಮಾಡುವ ಮನೆತನವೇ ತಪ್ಪು ಹೊರಿಸಬಹುದು, ವಿಚಾರಿಸಬಹುದು, ಬೀಗವನ್ನೂ ಜಡಿಯಬಹುದು. 1949ರ ಆಗಸ್ಟಿನಲ್ಲಿ ಜಹಗೀರುಗಳು ರದ್ದಾದವು. ಮರುವರ್ಷ ಜಾರಿಗೆ ಬಂದ ಸಂವಿಧಾನವು ಸೆರೆಮನೆಯನ್ನು ರಾಜ್ಯ ಸರಕಾರಗಳ ಹೊಣೆಯಾಗಿಸಿತು.

ಒಡೆಯರೆಲ್ಲರೂ ಒಂದೇ ಬಗೆಯವರೆನ್ನಲಾಗದು. ಇಂದಿನ ವಿಜಯಪುರ ಜಿಲ್ಲೆಯ ಗುಣದಾಳವನ್ನೂ ಒಳಗೊಂಡಿದ್ದ ಔಂಧ್ ಎಂಬ ಪುಟ್ಟ ಸಂಸ್ಥಾನದಲ್ಲಿ, ಆಟಪಾಡಿಯ ಬಳಿ, 1939ರಲ್ಲಿ ಸ್ವತಂತ್ರಪುರವೆಂಬ ಬಂದಿಗಳ ವಸತಿ ಹುಟ್ಟಿತು. ಅದರ ಕಲ್ಪನೆ ಮಾರಿಸ್ ಫ್ರೀಡ್‌ಮನ್ನರದು. ಪೋಲೆಂಡಿನ ಈ ಎಂಜಿನಿಯರು ಮೊದಲು ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಿದವರು. ಅರಸರಾದ ಭವಾನರಾವ್ ಪಂತ ಪ್ರತಿನಿಧಿಗಳು ಒಪ್ಪಿಗೆಯಿತ್ತರು. ಸುತ್ತ ಗೋಡೆಯಿಲ್ಲ. ಬಂದಿಯು ಹೆಂಡತಿ ಮಕ್ಕಳೊಡನೆ ವಾಸವಾಗಿದ್ದು, ಹೊಲ ಉತ್ತು, ಬೆಳೆದ ತರಕಾರಿಯನ್ನು ಮಾರಬಹುದು. ಬಿಡುಗಡೆಯ ದಿನ ಅವನು ಅಪರಿಚಿತನಂತೆ ತನ್ನ ಮನೆಯ ಬಾಗಿಲನ್ನೇ ತಟ್ಟಬೇಕಾಗಿಲ್ಲ. ಸಂಸಾರ ಅದಾಗಲೇ ಜೊತೆಯಲ್ಲಿದೆ! ಶಾಂತಾರಾಮರ 1957ರ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆ ಈ ಸ್ಥಳವೇ. ಚಿತ್ರದ ಆರು ಮಂದಿ ಕೊಲೆಗಡುಕರು ಬೆಳೆಯ ನಡುವೆ ನಿಂತ ದೃಶ್ಯವನ್ನು ಹಿರಿಯ ವಾಚಕರು ಮರೆತಿರಲಾರರು.

1948ರಲ್ಲಿ ಔಂಧ್ ವಿಲೀನವಾಯಿತು. ಅರಸೊತ್ತಿಗೆ ಹೋದರೂ ಸ್ವತಂತ್ರಪುರ ಮಹಾರಾಷ್ಟ್ರ ಸರಕಾರದ ಬಯಲು ಬಂದೀಖಾನೆಯಾಗಿ ಉಳಿದುಕೊಂಡಿತು. ಜಹಗೀರಿನ ಸೆರೆಮನೆಗಳಿಗೆ ಆ ಭಾಗ್ಯವೆಲ್ಲಿಯದು? ಅದಕ್ಕಾಗಿ ಮರುಗುವವರೂ ಇಲ್ಲವೆನ್ನಿ.

ಕರ್ನಾಟಕದಲ್ಲಿಯೂ ಬಯಲು ಬಂದೀಖಾನೆ ಇಲ್ಲದಿಲ್ಲ. ಅದು ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿದೆ. ಹುಲಿಹೈದರದ ಬಂದಿಯೊಬ್ಬನಿಗೆ ಅಲ್ಲಿ ಹೊಲ ಉಳುವ ಅವಕಾಶ ದೊರೆತರೂ, ಅವನನ್ನು ಕಂಡುಬರಲು ಅವನ ಮನೆಯವಳು ಮಕ್ಕಳನ್ನು ಕಟ್ಟಿಕೊಂಡು 300 ಕಿಲೋಮೀಟರಿಗೂ ಮಿಗಿಲಾದ ದಾರಿ ಸವೆಸಬೇಕು.